ಅತ್ತೆ ಆಡಿಸಿದ ತಟ್ಟೆ

ಮನೆಯಿಂದ, ಭಾನುವಾರ ಮಧ್ಯಾಹ್ನ

ಪ್ರೀತಿಯ ರೀ,

ಸೊಂಟದ ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡಿ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಪುಟ್ಟಿಗೆ ಜ್ವರ ಬಿಟ್ಟಿದೆ, ಈಗ ಬಾಯಿಗೆ ಬಿಡುವಿಲ್ಲ.

ಆ ಜ್ವರದ ದಿನ ಏನಾಯಿತು ಗೊತ್ತೇ? ಆಸ್ಪತ್ರೆಯಿಂದ ಅವಳನ್ನು ಹೆಗಲಿಗೆ ಹಾಕಿಕೊಂಡು ಬಂದರೆ ಬಾಗಿಲಿಗೆ ಒಳಗಿನಿಂದ ಅಗುಳಿ. ಗಂಟೆ ಒತ್ತಿದೆ, ಬಡಿದೆ, ಕೂಗಿದೆ. ಅತ್ತೆಗೆ ಈಗ ಕಿವಿ ಪೂರ್ತಿ ಹೋಗಿದೆಯಲ್ಲ, ಒಳಗೆ ನೆಮ್ಮದಿಯಾಗಿ ಬಟ್ಟೆ ಮಡಚುತ್ತಿದ್ದರು. ಕೊನೆಗೆ ಪಕ್ಕದ ಮನೆಯವರು ಹಿತ್ತಲ ಗೋಡೆ ಹಾರಿ ಹೋಗಿ ತೆರೆಸಿದರು. ಸಂಜೆ ಅತ್ತೆ, "ನಾನಿದ್ದೂ ಇಲ್ಲದ ಹಾಗಾಯ್ತಲ್ಲೇ," ಎಂದು ಕಣ್ಣೊರೆಸಿಕೊಂಡರು.

ಅಂದೇ ನಿರ್ಧರಿಸಿದೆ: ಗಂಟೆ ಒತ್ತಿದರೆ ಪ್ರತಿ ಕೋಣೆಯಲ್ಲೂ ದೀಪ ಮಿನುಗಬೇಕು. ನಿಮ್ಮ ಮೇಜಿನ ಮೇಲಿದ್ದ ತಾಮ್ರ ಹೊದಿಸಿದ ಹಲಗೆಯ ಮೇಲೆ ಸರ್ಕ್ಯೂಟಿನ ಗೆರೆಗಳನ್ನು ಮಾರ್ಕರಿನಲ್ಲಿ ಬರೆದೆ; ಮಸಿಯಡಿಯ ತಾಮ್ರ ಮಾತ್ರ ಉಳಿದು ಮಿಕ್ಕದ್ದು ಕರಗಬೇಕಲ್ಲ. ಪ್ಲಾಸ್ಟಿಕ್ ತಟ್ಟೆಗೆ ತಾಮ್ರ ತಿನ್ನುವ ಆ ಕಂದು ದ್ರಾವಣ ಸುರಿದು, ಹಲಗೆ ಮುಳುಗಿಸಿ, ಚೆಲ್ಲೀತೆಂಬ ಭಯಕ್ಕೆ ತಟ್ಟೆಯನ್ನು ಮುಟ್ಟದೆ ಬಿಟ್ಟೆ. ತೆಗೆದು ನೋಡಿದರೆ ಅಂಚಿನ ಗೆರೆಗಳೆಲ್ಲ ತುಂಡು ತುಂಡು, ನಡುವೆ ಬೇಡದ ತಾಮ್ರ ಹಾಗೇ ಗಟ್ಟಿಯಾಗಿ ಕೂತಿದೆ! ಇನ್ನೊಂದು ಹಲಗೆಯದ್ದೂ ಅದೇ ಪಾಡು.

ಅತ್ತೆ ಅದನ್ನು ತಿರುಗಿಸಿ ನೋಡಿದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅರ್ಧ ಆಯಸ್ಸು ಕಳೆದವರಲ್ಲವೇ. "ಸುಮ್ನೆ ನೆನೆಹಾಕಿದ್ಯಾ? ತೊಟ್ಟೀಲಿ ಬಟ್ಟೆ ಸುಮ್ನೆ ಬಿಟ್ರೂ ಹೀಗೇ ಕಲೆ ಕಲೆ. ಸತ್ವ ಹೋದ ನೀರು ಅಲ್ಲೇ ಕೂತಿರುತ್ತೆ, ಹೊಸದು ಹತ್ರ ಬರಲ್ಲ. ಆಡಿಸ್ತಾ ಇರ್ಬೇಕು." ನಾನು ತಂದ ಕೈಗವಸನ್ನು ಕಿತ್ತುಕೊಂಡು ತಾವೇ ಹಾಕಿಕೊಂಡರು. ಮೂರನೆಯ ಹಲಗೆ ಮುಳುಗಿಸಿ, ಕಿಟಕಿ ತೆರೆದು ಕೂತು, ತಟ್ಟೆಯ ಒಂದಂಚನ್ನು ಮೆಲ್ಲಗೆ ಎತ್ತುವುದು, ಇಳಿಸುವುದು. ಒಂದು ಹನಿ ಚೆಲ್ಲಲಿಲ್ಲ ನೋಡಿ. ಸಾಕೆಂದು ಸನ್ನೆ ಮಾಡಿದರೆ "ನಿಂಗೆಲ್ಲಾ ಅವಸರ" ಎಂದು ಗದರಿದರು. ಬೇಡದ ತಾಮ್ರವೆಲ್ಲ ಒಂದೇ ಸಮನೆ ಕರಗಿತು. ಗೆರೆ ಒಂದೂ ಹರಿಯಲಿಲ್ಲ.

ಹಲಗೆಯನ್ನು ಗಂಟೆಗೂ ದೀಪಗಳಿಗೂ ಜೋಡಿಸಿ ಆಯಿತು; ನಿನ್ನೆ ಪುಟ್ಟಿ ಹೊರಗಿನಿಂದ ಗಂಟೆ ಒತ್ತಿದಳು. ಅಡುಗೆಮನೆಯಲ್ಲಿ ದೀಪ ಮಿನುಗಿದ್ದೇ ತಡ, ಅತ್ತೆ ಸೌಟು ಹಿಡಿದೇ ಓಡಿ ಬಾಗಿಲು ತೆರೆದು, "ಯಾರಮ್ಮಾ ನೀನು, ಯಾರು ಬೇಕು?" ಎಂದರು. ಅಜ್ಜಿ ಮೊಮ್ಮಗಳು ಅದೇ ಆಟ ಆಡಿ ಆಡಿ, ನೋಡುತ್ತ ನಿಂತ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟೆ.

ಅತ್ತೆಯ ಆಶೀರ್ವಾದ, ಪುಟ್ಟಿಯ ಮುತ್ತು ಈ ಹಾಳೆಯಲ್ಲೇ ಇವೆ. ಎಣ್ಣೆ ಕೈ ತೊಳೆದುಕೊಂಡು ತೆಗೆದುಕೊಳ್ಳಿ.

ನಿಮ್ಮವಳು

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ: ಕಿವಿ ಕೇಳದ ಮಕ್ಕಳ ಶಾಲೆಯ ಮೇಷ್ಟ್ರು ಇವತ್ತು ಬೆಳಿಗ್ಗೆ ಬಂದು ಈ ದೀಪ ನೋಡಿ, ಹಾಸ್ಟೆಲಿನ ಎಲ್ಲ ಕೋಣೆಗೂ ಬೇಕೆಂದರು. ನಿಮ್ಮನ್ನು ಕೇಳಿ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಅವರ ತುಟಿಯನ್ನೇ ನೋಡುತ್ತಿದ್ದ ಅತ್ತೆ "ಆಗ್ಲಿ, ಮಾಡಿಕೊಡ್ತೀವಿ" ಎಂದುಬಿಟ್ಟರು. ನಿಮ್ಮ ಕೋಣೆ ಇನ್ನು ನಮ್ಮ ಕಾರ್ಖಾನೆ. ರಜೆಗೆ ಬಂದಾಗ ನಿಮಗೆ ಹಜಾರದಲ್ಲೇ ಹಾಸಿಗೆ.