ಕೆಂಚನ ಕೊರಳಿನ ಕೊರಡು

ಶಿವನಿ, ಸೆಪ್ಟೆಂಬರ್ 1978

ರೀ, ನೀವು ತೀರಿಹೋಗಿ ಎರಡು ವರ್ಷವಾದರೂ ನನ್ನ ಕೋಪ ಇಳಿದಿಲ್ಲ. ಹೊಲ ಕಾಯುವ ನಾಯಿಗೆ ಹಸಿ ಕಡಲೆಕಾಯಿ ಸುಲಿದು ತಿನ್ನಿಸಿ ರುಚಿ ಹತ್ತಿಸಿದವರು ನೀವು. ಕೆಂಚ ಈ ಸಲವೂ ಗಿಡದ ಬುಡ ಕೆದರತೊಡಗಿದ. ಊರಿನವರೆಲ್ಲ ಮಾಡುವಂತೆ ನಾನೂ, ಕೆದರಲು ಹೋದರೆ ಮುಂಗಾಲಿಗೆ ಅಡ್ಡ ಬರಲೆಂದು, ಅವನ ಕೊರಳಿಗೆ ಮರದ ಕೊರಡು ಕಟ್ಟಿದೆ. ನೀವಿದ್ದಾಗ ಒಪ್ಪುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹೊಲಕ್ಕೆ ಕಾಡುಹಂದಿ ನುಗ್ಗಿತು. ಕೆಂಚ ಅಡ್ಡ ಹೋದನಂತೆ. ಆಳು ದೇವೀರಪ್ಪ ಅವನ ಹೆಣ ಹೊತ್ತು ತಂದ.

“ಕೊರಡು ಮುಂಗಾಲಿಗೆ ತೊಡರ್ಕಂತು ಕಣ್ರಮ್ಮ. ತಪ್ಪಿಸ್ಕಳಾಕೆ ಆಗ್ಲಿಲ್ಲ.”

“ಕದ್ದು ತಿನ್ನೋ ನಾಯಿಗೆ ಇನ್ನೇನು ಕಟ್ಬೇಕಿತ್ತೋ, ಚಿನ್ನದ ಸರಾನಾ?” ಎಂದು ಗದರಿದೆ.

ಅವನು ಗುಂಡಿ ತೋಡಲು ಹೋದ. ನಾನು ಬಿಗಿದಿದ್ದ ಗಂಟು ಬಿಚ್ಚಲು ಬರಲಿಲ್ಲ, ಕುಡುಗೋಲಿನಿಂದ ಕೊಯ್ದೆ. ಹಗ್ಗದ ಅಡಿಯಲ್ಲಿ ಕೂದಲು ಉದುರಿ, ಕೊರಳ ಸುತ್ತ ಹುಣ್ಣಾಗಿತ್ತು. ದಿನಾ ಅವನಿಗೆ ಮುದ್ದೆ ಹಾಕುತ್ತಿದ್ದವಳು ನಾನೇ.