ಐದನೆಯ ಪಾಂಡವ

ಅಪ್ಪಾ,

ಮಣ್ಣಾದವರಿಗೆ ಟಪಾಲು ಮುಟ್ಟುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ನನ್ನ ತರಗತಿಯಲ್ಲಿ ಮಾನವ ವಿಕಾಸದ ಪಾಠವಿತ್ತು. ಕಡಗಂಚಿಯ ವಿಶ್ವವಿದ್ಯಾಲಯದಿಂದ ಬಂದಿದ್ದ ಸಂಶೋಧಕಿಯೊಬ್ಬರು ಕಲ್ಲಿನ ಕೈಗೊಡಲಿಯೊಂದನ್ನು ನನ್ನ ಅಂಗೈಯಲ್ಲಿಟ್ಟರು. ನಮ್ಮಂಥ ಮನುಷ್ಯರು ಹುಟ್ಟುವ ಎಷ್ಟೋ ಮೊದಲು, ನಮಗಿಂತ ಹಿಂದಿನವರು ಕೆತ್ತಿದ್ದು ಎಂದರು. ಒಂದು ತುದಿ ಚೂಪು, ಇನ್ನೊಂದು ದುಂಡು. ಹೆಬ್ಬೆರಳು ತಾನಾಗಿಯೇ ಅದರ ಕುಳಿಯಲ್ಲಿ ಕೂತಿತು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಸುಣ್ಣ ಹಚ್ಚಿ ಪಾಂಡವರೆಂದು ನೀನು ಪೂಜಿಸುತ್ತಿದ್ದ ಐದು ಕಲ್ಲುಗಳಲ್ಲಿ ಕೊನೆಯದು ಹೀಗೇ ಇತ್ತು. "ಕೈಯಾಗ ಹಿಡದು ನೋಡವ್ವ, ಯಾರೋ ಹಿರೇರು ಕೆತ್ತ್ಯಾರ," ಅಂದಿದ್ದೆ ನೀನು. ಊಟಕ್ಕೆ ಬಂದಿದ್ದ, ನಾನಾಗ ಓದುತ್ತಿದ್ದ ಶಾಲೆಯ ಶಿಕ್ಷಕರ ಮುಂದೆ ನನಗೆ ನಾಚಿಕೆಯಾಯಿತು. "ಓದಲಾರದವ್ರಿಗೆ ಎಲ್ಲಾ ಕಲ್ಲೂ ದೇವ್ರೇ," ಎಂದು ನಕ್ಕು ಅದನ್ನು ಬಾವಿಗೆ ಎಸೆದೆ. ನೀನು ಬದುವಿನಿಂದ ಬೇರೆ ಕಲ್ಲು ತಂದು, ಅದಕ್ಕೂ ಸುಣ್ಣ ಹಚ್ಚಿದೆ.

"ನಿಮ್ಮ ತಂದಿಯವರು ಒಕ್ಕಲುತನ ಮಾಡ್ತಿದ್ರಂತಲ್ರಿ ಮೇಡಂ, ಹೊಲದಾಗ ಇಂಥಾದು ಯಾವಾಗರೆ ಸಿಕ್ಕಿತ್ತೇನ್ರಿ?" ಎಂದು ಸಂಶೋಧಕಿ ಕೇಳಿದರು. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ರಿ," ಅಂದೆ. "ನಮ್ಮಪ್ಪಗ ಇಂಥಾವೆಲ್ಲ ತಿಳೀತಿದ್ದಿಲ್ರಿ."