ಕೆಂಪು ದಾರದ ಸೋರೆಕಾಯಿ

ಮಾರ್ಚ್ 3
ನೀರು ಹಾಕಿದ್ದಾಯಿತು. ಹುಳ ಬಿದ್ದು ಬಳ್ಳಿಯಲ್ಲಿ ಉಳಿದಿರುವುದು ಒಂದೇ ಎಳೇ ಕಾಯಿ. ಬೀಜಕ್ಕೆಂದು ಕೆಂಪು ದಾರ ಕಟ್ಟಿದೆ. ಅಕ್ಕ ಆಸ್ಪತ್ರೆ ಸೇರದಿದ್ದರೆ ಅವಳೇ ಕಟ್ಟುತ್ತಿದ್ದಳು.

ಈ ನಾಟಿ ಸೋರೆ ಬೇರೆ ಯಾರ ಹತ್ತಿರವೂ ಇಲ್ಲ. ಬೇಸಿಗೆಯಲ್ಲಿ ಮಿಕ್ಕಿದ್ದೆಲ್ಲ ಬಾಡಿದಾಗಲೂ ಕಾಯಿ ಬಿಡುತ್ತದೆ. ಅದಕ್ಕೇ ಅಕ್ಕ ಮನೆಮನೆ ತಿರುಗಿ ಸಣ್ಣ ರೈತರಿಗೆಲ್ಲ ಇದ್ದಬದ್ದ ಬೀಜವನ್ನೆಲ್ಲ ಹಂಚಿದ್ದು. ಅವರೋ, ಬೀಜಕ್ಕೆ ಒಂದು ಕಾಯೂ ಬಿಡದೆ ತಿಂದು ಮುಗಿಸಿದರು. ಇವತ್ತು ರೈತರ ಮೀಟಿಂಗಿನಲ್ಲಿ ಚೆನ್ನಾಗಿ ಬೈದೆ. ಬೀಜದ ಕಾಯಿಗೇ ಕೈ ಹಾಕೋದೇ?

ಮೇಕೆ ಸಾಕುವವಳು, ಬಾಯಿಬಡುಕಿ, ಎದ್ದು ನಿಂತು — "ಮಕ್ಕಳು ಹಸಿದ್ರೆ ದಾರ ಕಾಣಲ್ಲ ತಾಯಿ."

ಎಲ್ಲ ನಕ್ಕರು. ಮಳೆ ಬಿದ್ದ ಕೂಡಲೇ ಮತ್ತೆ ಬೀಜ ಕೊಡುತ್ತೇನೆಂದು ಮಾತು ಕೊಟ್ಟು ಬಂದೆ.

ಮಾರ್ಚ್ 9, ಸಂಜೆ
ಡಾಕ್ಟರ್ ಹೊರಗೆ ಕರೆದರು. "ಇನ್ನು ಪಥ್ಯ ಏನೂ ಬೇಡ. ಕೇಳಿದ್ದು ಕೊಡಿ." ಅರ್ಥವಾಯಿತು.

ಅಕ್ಕ ಊಟ ಬಿಟ್ಟು ನಾಲ್ಕು ದಿನ. ಏನು ಬೇಕೇ ಅಂದೆ.

"ನಮ್ಮ ಸೋರೆ. ಬರೀ ಉಪ್ಪು ಹಾಕಿ ಬೇಯಿಸಿದ್ದು." ಆಮೇಲೆ ತಾನೇ ತಲೆಯಾಡಿಸಿದಳು. "ಬೇಡ ಬಿಡು. ಬೀಜಕ್ಕೆ ಬಿಟ್ಟದ್ದು."

ಮಾರ್ಚ್ 10
ಕೊಯ್ದೆ. ಒಳಗೆ ಬೀಜ ಇನ್ನೂ ಬರೀ ನೀರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ...

ಡಬ್ಬಿ ತೆರೆದದ್ದೇ ಅಕ್ಕನಿಗೆ ಗಾಬರಿ. "ದಾರ ಕಟ್ಟಿದ್ದಾ?"

"ಹುಚ್ಚೀ, ಮಾರ್ಕೆಟ್ಟಿಂದು."

"ನಮ್ಮ ಸೋರೆ? ಮಾರ್ಕೆಟ್ಟಲ್ಲಿ?" ಎದ್ದು ಕೂರಲು ನೋಡಿದಳು. "ಹಾಗಾದ್ರೆ ಯಾರೋ ಬೆಳೀತಿದ್ದಾರೆ ಕಣೇ! ತಿಂದು ಮಿಕ್ಕಿದ್ದನ್ನ ಮಾರೋವಷ್ಟು!"

ನಾಲ್ಕು ತುತ್ತು ತಿಂದಳು. ನೋಡಲು ಬಂದವರಿಗೆಲ್ಲ, ಮೇಕೆಯವಳಿಗೂ, ಅದೇ ಸುದ್ದಿ. ಡಬ್ಬಿ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 12
ಅಕ್ಕ ಹೋದಳು.

ಜೂನ್ 1
ಮಳೆ ಬಿತ್ತು. ಹುಳ ತಿಂದ ಬಳ್ಳಿ ಏಪ್ರಿಲ್‌ನಲ್ಲೇ ಒಣಗಿತು, ಮತ್ತೆ ಕಾಯಿ ಬಿಡಲಿಲ್ಲ. ಯಾರಿಗೂ ಹೇಳಿಲ್ಲ.

ಮೇಕೆಯವಳು ಬಂದಿದ್ದಳು. ಎಲ್ಲರೂ ಪಾತಿ ಮಾಡಿಟ್ಟಿದ್ದಾರಂತೆ. ನಾನು ತಡವರಿಸಿದ್ದು ನೋಡಿ ಅವಳೇ ಸಮಾಧಾನ ಹೇಳಿದಳು. "ಬೀಜ ಕೆಟ್ಟಿದ್ರೆ ಹೋಗ್ಲಿ ಬಿಡು. ಮಾರ್ಕೆಟ್ಟಲ್ಲಿ ಮಾರೋರಿದ್ದಾರಲ್ಲ, ನಿಮ್ಮಕ್ಕ ಹೇಳಿದ್ರು. ಅವರನ್ನೇ ಕೇಳೋಣ. ನಾಳೆ ಬರ್ತೀವಿ, ತೋರಿಸು."

ಜೂನ್ 2, ಬೆಳಿಗ್ಗೆ
ಬಂದಿದ್ದಾರೆ. ಗೇಟಿನ ಹತ್ತಿರ ಖಾಲಿ ಚೀಲ ಹಿಡಿದು ನಿಂತಿದ್ದಾರೆ, ಅವಳೂ ಇನ್ನೂ ಕೆಲವರೂ. ಹೋಗಿ ಹೇಳಲೇಬೇಕು. ಆ ದಾರ ನನಗೂ ಕಾಣಲಿಲ್ಲ ಅಂತ. ಮಾರ್ಕೆಟ್ಟಿನಲ್ಲಿ ಯಾರೂ ಇಲ್ಲ ಅಂತ. ಆದರೆ ಅಕ್ಕ ಅಷ್ಟು ಖುಷಿಯಲ್ಲಿ —